ಬೆನ್ನು ತಿರುಗಿಸಿ ಕೂಡುತ್ತಿದ್ದ ಅಕ್ಕೋರು

ನಮ್ಮ ಚಾಳಿನಲ್ಲಿ ಯಾರನ್ನು ಕೇಳಿದರೂ ಸುಭದ್ರಕ್ಕೋರ ಬೆನ್ನನ್ನೇ ಮೊದಲು ನೆನೆಯುತ್ತಾರೆ. ಬಿಳಿ ಸೆರಗು ಹೊದ್ದ, ತುಸು ಎಡಕ್ಕೆ ವಾಲಿದ ಬೆನ್ನು. ಎಲ್ಲರೂ ಸೇರುವ ಖೋಲಿಯ ಹೊರಗಿನ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ಮಡಿಲಲ್ಲಿ ಅರಳೆ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದರು. ಒಳಗೆ ಎಷ್ಟು ಗದ್ದಲವಾದರೂ ತಿರುಗಿ ನೋಡುತ್ತಿರಲಿಲ್ಲ. ಕೂಸು ಅತ್ತರೆ ಮಾತ್ರ ಬತ್ತಿ ಹೊಸೆಯುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಅವರು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ.

ಅವರು ಖಾನಾಪುರದ ಕಡೆಯ ಬೀಡಿ ಎಂಬ ಊರಿನವರು. ಇನ್‌ಫ್ಲುಯೆಂಜಾದಲ್ಲಿ ಗಂಡನನ್ನು ಕಳೆದುಕೊಂಡು ಬೆಳಗಾವಿಗೆ ಬಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದರು. ನಾವಿದ್ದದ್ದು ರವಿವಾರ ಪೇಟೆಯ ಹಿಂದಿನ ಹಮಾಲರ ಚಾಳಿನಲ್ಲಿ. ಊರ ಹೊರಗೆ ದೊಡ್ಡ ಸಭೆ ಸೇರಿ ಪೇಟೆಯೆಲ್ಲ ಖಾದಿ ಟೊಪ್ಪಿಗೆಗಳಿಂದ ತುಂಬಿತ್ತಲ್ಲ, ಅದರ ಮರುವರ್ಷ ಕೆಲವು ವಕೀಲರು, ವ್ಯಾಪಾರಿಗಳು ಸೇರಿ ನಮ್ಮ ಚಾಳಿನ ಕೊನೆಯ ಖೋಲಿಯನ್ನು ಎಲ್ಲರಿಗೂ ಎಂದು ಬಿಡಿಸಿ ಕೊಟ್ಟರು. ಹಗಲು ದುಡಿಯಲು ಹೋದವರ ಕೂಸುಗಳು ಅಲ್ಲಿರಬೇಕು, ಸಂಜೆ ಓದು, ಹೊಲಿಗೆ ನಡೆಯಬೇಕು. ನಡೆಸುವುದನ್ನು ನಮಗೆ ಕಲಿಸಲು ಅಕ್ಕೋರನ್ನು ಕಳಿಸಿದರು. ಬಂದವರು ಚಾಳಿನಲ್ಲೇ ಒಂದು ಖೋಲಿ ಹಿಡಿದು ನಮ್ಮ ನೆರೆಯವರೇ ಆದರು.

ಮೊದಲ ತಿಂಗಳು ಬಾಗಿಲು ತೆಗೆಯುವವರೂ ಅವರೇ, ಜಮಖಾನ ಹಾಸುವವರೂ ಅವರೇ. ನಮಗೆ ಎಲ್ಲಕ್ಕೂ ಅವರನ್ನು ಕೇಳುವ ರೂಢಿ ಬಿತ್ತು. ಒಂದು ದಿನ ನಾನು, “ಅಕ್ಕೋರ, ಕಂದೀಲಿಗೆ ಎಣ್ಣಿ ಹಾಕ್ಲೇನ್ರಿ?” ಎಂದೆ. ಅವರು ಎದ್ದು ಹೊರಗೆ ಹೋಗಿ, ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ, ಎದುರಿನ ಗೋಡೆಯ ಕಡೆ ಮುಖ ಮಾಡಿ ಕುಳಿತರು.

“ನನ್ನ ಮಾರಿ ಏನ್ ನೋಡ್ತೀರಿ? ಒಬ್ಬರ ಮಾರಿ ಒಬ್ಬರು ನೋಡ್ರಿ. ಉತ್ತರ ಅಲ್ಲೇ ಐತಿ.”

ಚಾಳಿನ ಜಗಳಗಂಟಿ ಸಕ್ಕವ್ವ ಬಿಡುವವಳೇ? “ಪಗಾರ ತಗೊಂಡು ಗ್ವಾಡಿ ನೋಡ್ಕೋತ ಕುಂದ್ರು ಅಕ್ಕೋರನ್ನ ಇವತ್ತ ಕಂಡ್ನಿ!”

“ಗ್ವಾಡಿ ಚಲೋ ಐತೆವಾ ಸಕ್ಕವ್ವ. ತಿರುಗಿ ಮಾತಾಡೂದಿಲ್ಲ,” ಎಂದರು ಅಕ್ಕೋರು. ಸಕ್ಕವ್ವನೂ ನಕ್ಕಳು. ಅಂದೇ ಖೋಲಿಯ ಕೀಲಿಯನ್ನು ಅವಳ ಕೈಗೆ ಕೊಟ್ಟುಬಿಟ್ಟರು. ನನಗೆ ಅಚ್ಚರಿ. “ಬೈಯಾವ್ರ ಕೈಯಾಗ ಕೀಲಿ ಇರಬೇಕು ನಾಗವ್ವ. ಕಾಳಜಿ ಇದ್ದಾವ್ರ ಬೈತಾರ. ಇಲ್ಲದಾವ್ರು ಸುಮ್ಮ ಮನಿಗೆ ಹೋಗ್ತಾರ,” ಎಂದರು ಅಕ್ಕೋರು.

ಅದು ನಿಜವಾಯಿತು. ಸಕ್ಕವ್ವ ಖೋಲಿಯನ್ನು ತನ್ನ ಅಡಿಗೆಮನೆಗಿಂತ ಹಸನಾಗಿ ಇಟ್ಟಳು.

ಖಾನಾಪುರದಲ್ಲಿ ಮಾತ್ರ ಅದು ಅಷ್ಟು ಸುಲಭವಾಗಲಿಲ್ಲ. ಅಲ್ಲಿಯ ಕಟ್ಟಿಗೆ ಡಿಪೋದ ಕೂಲಿಗಳ ಸಾಲುಮನೆಗಳಲ್ಲೂ ಇಂಥದೇ ಖೋಲಿ ಮಾಡಬೇಕೆಂದು ಅಕ್ಕೋರನ್ನು ಕರೆದರು. ಅವರು ನನ್ನನ್ನೂ ರೈಲಿನಲ್ಲಿ ಕರೆದೊಯ್ದರು. ಅಲ್ಲಿಯ ಹೆಂಗಸರು ತೊಗಟೆ ಸುಲಿಯುವಾಗ ಕೂಸುಗಳನ್ನು ದಿಮ್ಮಿಗಳ ನಡುವೆಯೇ ಮಲಗಿಸುತ್ತಿದ್ದರು. ದಿಮ್ಮಿ ಉರುಳಿ ಒಂದು ಮಗುವಿನ ಪಾದ ಜಜ್ಜಿಹೋಗಿತ್ತು. ಡಿಪೋ ಮಾಲೀಕರು ಖಾಲಿ ಖೋಲಿಯೊಂದನ್ನು ಕೊಟ್ಟಿದ್ದರು. ಆದರೆ ಅವರ ಲೆಕ್ಕಪತ್ರ ನೋಡುವ ದಿವಾಣಜಿ ಮೊದಲೇ ಹೇಳಿದ್ದ: “ಖೋಲಿ ಬಂದ್ ಬಿದ್ದದ್ದು ಕಂಡ್ರ ಇದ್ದಲಿ ಚೀಲ ಒಟ್ಟಿಸ್ತೀನಿ ನೋಡ್ರಿ.”

ತಿಂಗಳೊಪ್ಪತ್ತು ಚೆನ್ನಾಗಿ ನಡೆಯಿತು. ಆಮೇಲೆ ಸಂಜೆಯ ಪುರಾಣವನ್ನು ಕನ್ನಡದಲ್ಲಿ ಓದಬೇಕೋ ಮರಾಠಿಯಲ್ಲೋ ಎಂದು ಜಗಳ ಹತ್ತಿತು. ಎಲ್ಲರಿಗಿಂತ ಜೋರು ರಖಮಾಬಾಯಿಯದು. ಅಕ್ಕೋರು ತಮ್ಮ ರೀತಿಯಂತೆ ಕೀಲಿಯನ್ನು ಅವಳಿಗೇ ಕೊಟ್ಟರು. ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆಗೆಯಲೇ ಇಲ್ಲ. “ಮರಾಠಿ ಇಲ್ಲಂದ್ರ ಕೀಲಿನೂ ಇಲ್ಲ,” ಎಂದು ಮನೆಯಲ್ಲಿ ಕುಳಿತಳು. ಕೂಸುಗಳು ಮತ್ತೆ ಡಿಪೋಕ್ಕೆ ಹೋದವು. ಮಧ್ಯಾಹ್ನದ ಹೊತ್ತಿಗೆ ದಿವಾಣಜಿ ಇದ್ದಲಿ ಗಾಡಿಯನ್ನೇ ಹೊಡೆಸಿಕೊಂಡು ಬಂದ.

ಅಕ್ಕೋರು ಎಂದಿನಂತೆ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ನಾನು ಅವರೆದುರಿಗೆ ಹೋಗಿ ಕುಳಿತೆ.

“ಏಳ್ರಿ ಅಕ್ಕೋರ, ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರ.”

“ಇವತ್ತ ಕೇಳ್ತಾರ ನಾಗವ್ವ. ನಾಳೆ ನಾವು ರೈಲು ಹತ್ತಿದ ಮ್ಯಾಲೆ?”

ಎಲ್ಲರೂ ಕಂಡದ್ದು ಅವರ ಬೆನ್ನು. ಮುಖ ಕಂಡವಳು ನಾನು. ತುಟಿ ಬೆಳ್ಳಗಾಗಿತ್ತು. ಬೆರಳುಗಳ ನಡುವೆ ಬತ್ತಿ ಹೊಸೆಯುತ್ತ ಹೊಸೆಯುತ್ತ ಬಿಚ್ಚಿಹೋಗುತ್ತಿತ್ತು.

ಅಷ್ಟರಲ್ಲಿ ರಖಮಾಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಏ ದಿವಾಣಜಿ! ಚೀಲ ಇಳಸಿದಿ ಅಂದ್ರ ನಿನ್ನ ಮ್ಯಾಲೇ ಒಟ್ತೀನಿ. ಕೀಲಿ ನನ್ನ ಕಡೆ ಐತಿ, ಖೋಲಿ ನಮ್ದು!”

ಕೂಗು ಕೇಳಿ ಡಿಪೋದಿಂದ ಉಳಿದವರೂ ಬಂದರು. ಹಿಂದಿನ ದಿನ ಅವಳೊಡನೆ ಕಚ್ಚಾಡಿದ್ದ ಬಾಳವ್ವ ತನ್ನ ಕೂಸನ್ನು ಅವಳ ತೋಳಿಗೆ ಹಾಕಿದಳು. “ತಗೋ ಬಾಯಿ, ಹಿಡಿ. ನಾವು ಭಾಷಾದ ಸಲುವಾಗಿ ಬಡದಾಡ್ತೀವಿ. ಇದಕ್ಕ ಎರಡೂ ತಿಳಿಯೂದಿಲ್ಲ.”

ಬಾಗಿಲು ತೆರೆಯಿತು. ಗಾಡಿ ಬಂದ ದಾರಿಯಲ್ಲೇ ಹೋಯಿತು. ಒಂದು ಸಂಜೆ ಕನ್ನಡ, ಮರುಸಂಜೆ ಮರಾಠಿ ಎಂದು ಅವರವರೇ ಗೊತ್ತು ಮಾಡಿಕೊಂಡರು. ಅಕ್ಕೋರು ಆಗಲೂ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಅರಳೆ ಎಲ್ಲ ಕೆಟ್ಟು ಹೋತು ನೋಡು,” ಎಂದರು. ಮರಳುವಾಗ ರೈಲಿನಲ್ಲಿ, “ನಾ ಇವತ್ತ ತಪ್ಪಿದೆ ಅಂತನ ತಿಳದಿದ್ನಿ,” ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಅಕ್ಕೋರು ಹಾಸಿಗೆ ಹಿಡಿದ ಮೇಲೆ, ಕೊನೆಯ ಸಲ ನಾನು ಗಂಜಿ ತೆಗೆದುಕೊಂಡು ಹೋದಾಗ ಅವರು ಗೋಡೆಯ ಕಡೆ ಹೊರಳಿ ಮಲಗಿದ್ದರು. ಆಗಲೂ ಅದೇ ಬೆನ್ನು. ನನಗೆ ತಡೆಯಲಾಗಲಿಲ್ಲ.

“ಅಕ್ಕೋರ, ಇನ್ನ ನಾವು ಯಾರನ್ನ ಕೇಳೂಣ್ರಿ?”

ಬಹಳ ಕಷ್ಟಪಟ್ಟು ನನ್ನ ಕಡೆ ಹೊರಳಿದರು. “ಕೀಲಿ ಯಾರ ಕಡೆ ಐತಿ?”

“ಸಕ್ಕವ್ವನ ಕಡೆನ ಐತ್ರಿ.”

“ಇನ್ನೂ ಬೈತಾಳೇನು?”

“ದಿನಾ ಬೈತಾಳ್ರಿ.”

“ಹಂಗಾರ ಚಲೋ,” ಎಂದು ನಕ್ಕು, ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದರು. ಎರಡು ದಿನಕ್ಕೆ ತೀರಿಹೋದರು.

ಈಗ ಹೊಸ ಚಾಳಿನವರಿಗೆ ಕಲಿಸಲು ನನ್ನನ್ನು ಕರೆಯುತ್ತಾರೆ. ಒಳಗೆ ಜಗಳ ಹತ್ತಿದಾಗ ನಾನೂ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂಡುತ್ತೇನೆ. ಬತ್ತಿ ನನ್ನ ಕೈಯಲ್ಲೂ ಬಿಚ್ಚಿಹೋಗುತ್ತದೆ. ಎದುರಿಗೆ ಕುಳಿತು ನನ್ನ ಮುಖ ನೋಡುವವರು ಯಾರೂ ಇಲ್ಲ.