ಹಲ್ಲು ಕೀಳಿಸಲು ಬಂದ ಸಾಹುಕಾರ

ಆಲ್ದೂರಿನ ಶಂಕರಮ್ಮನಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಎಸ್ಟೇಟು, ಪಾರ್ಚ್‌ಮೆಂಟು, ಮಸ್ಟರ್ ರೋಲು ಎಂಬ ಕಾಫಿ ತೋಟದ ಮಾತುಗಳು, ಅಷ್ಟೇ. ಅಷ್ಟು ಇಂಗ್ಲಿಷು ಆ ಕಡೆ ಕೋಳಿಗಳಿಗೂ ಬರುತ್ತದೆ ಎನ್ನಿ. ಅದಿಷ್ಟನ್ನೇ ಬಂಡವಾಳ ಮಾಡಿಕೊಂಡು ಆಕೆ ಒಂಬತ್ತು ವರ್ಷ ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡದಲ್ಲಿ ಕಥೆ ಹೇಳಿದಳು. ಅದೂ ರಕ್ತ ಹೀರುವ ದೆವ್ವದ ಸಿನಿಮಾಗಳಿಗೆ, ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ. ಎದೆಗಾರಿಕೆ ಎಂದರೆ ಅದಪ್ಪ.

ಶುರುವಾದದ್ದು ತೊಂಬತ್ತನೇ ಇಸವಿಯಲ್ಲಿ. ಗಂಡ ಮಲ್ಲಿಕಾರ್ಜುನಪ್ಪ ತಮ್ಮ ಕಿರಾಣಿ ಅಂಗಡಿಯ ಹಿಂದಿನ ಗೋದಾಮಿನಿಂದ ಕಾಫಿ ಮೂಟೆಗಳನ್ನು ಖಾಲಿ ಮಾಡಿಸಿ, ಒಂದು ಟಿವಿ, ಒಂದು ವಿಸಿಆರ್ ಇಟ್ಟು, ಭಾನುವಾರ ಮಧ್ಯಾಹ್ನ ಸಿನಿಮಾ ಹಾಕುತ್ತಿದ್ದ. ವಾರದ ಸಾಮಾನಿಗೆ ಪೇಟೆಗೆ ಬಂದ ತೋಟದ ಆಳುಗಳು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಒಂದು ಭಾನುವಾರ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬಂದ ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಕನ್ನಡ ಹೆಸರಿತ್ತು, ಒಳಗಿದ್ದದ್ದು ಇಂಗ್ಲಿಷ್ ಸಿನಿಮಾ. ಜನ ಗೊಣಗುತ್ತ ಎದ್ದರು. ಮಲ್ಲಿಕಾರ್ಜುನಪ್ಪನ ಕೈಕಾಲು ಆಡಲಿಲ್ಲ. ಗಲಾಟೆ ಕೇಳಿ ಒಗ್ಗರಣೆ ಸೌಟು ಹಿಡಿದುಕೊಂಡೇ ಶಂಕರಮ್ಮ ಬಂದಳು. ಟಿವಿಯಲ್ಲಿ ಕಪ್ಪು ನಿಲುವಂಗಿ ತೊಟ್ಟ ಬಿಳಿಚಿದ ಮುಖದವನೊಬ್ಬ ಮರದ ಪೆಟ್ಟಿಗೆಯೊಳಗಿಂದ ಏಳಲು ಹೋಗಿ, ಮುಚ್ಚಳ ತಲೆಗೆ ಬಡಿದು, ಮತ್ತೆ ಒಳಗೆ ಬಿದ್ದ.

"ಕೂತ್ಕಳಿ ಎಲ್ರೂ, ನಾನು ಹೇಳ್ತೀನಿ. ಇವ್ನು ದೊಡ್ಡ ಎಸ್ಟೇಟಿನ ಸಾಹುಕಾರ. ತೋಟದಲ್ಲಿ ನಮ್ಮ ಕಾಲಿಗೆ ಹತ್ತುತಾವಲ್ಲ ಇಂಬಳ, ಅವುಕ್ಕೆ ದೊಡ್ಡಣ್ಣ. ರಕ್ತ ಬಿಟ್ರೆ ಗಂಟ್ಲಲ್ಲಿ ಬೇರೆ ಏನೂ ಇಳಿಯಲ್ಲ."

ಜನ ಕೂತರು. ಶಂಕರಮ್ಮನೂ ಸ್ಟೂಲು ಎಳೆದುಕೊಂಡು ಕೂತಳು. ಒಲೆಯ ಮೇಲಿನ ಸಾರು ಅವತ್ತು ಸೀದು ಹೋಯಿತು.

ಆಕೆ ಹೇಳಿದ ಕಥೆ ಇಷ್ಟು. ಸಾಹುಕಾರನಿಗೆ ಉದ್ದನೆಯ ಎರಡು ಹಲ್ಲು. ಅದರ ದೆಸೆಯಿಂದ ಯಾರೂ ಹೆಣ್ಣು ಕೊಡುವುದಿಲ್ಲ. ತಲೆ ನರೆತ ಮುದಿ ತಾಯಿ, "ಹೋಗಪ್ಪಾ, ಪೇಟೆಗೆ ಹೋಗಿ ಆ ಹಲ್ಲು ಕೀಳಿಸ್ಕಂಡು ಬಾ. ನಾಕು ಜನರ ಹಾಗೆ ಕಡುಬು ತಿಂದು ಬಾಳು" ಎಂದು ಅತ್ತು ಕಳಿಸುತ್ತಾಳೆ. ಅವನು ಹಲ್ಲಿನ ಡಾಕ್ಟರ ಹತ್ತಿರ ಬರುತ್ತಾನೆ. ಡಾಕ್ಟರು ಮಧ್ಯಾಹ್ನ ಬೆಳ್ಳುಳ್ಳಿ ಚಟ್ನಿ ಉಂಡಿರುತ್ತಾನೆ. ರಕ್ತ ಹೀರುವವರಿಗೆ ಬೆಳ್ಳುಳ್ಳಿ ಆಗದಲ್ಲ, ಆ ಉಸಿರು ತಾಗಿ ಸಾಹುಕಾರ ಬಾವಲಿಯಾಗಿ ಹಾರುತ್ತಾನೆ. ಆ ಬಾವಲಿಯನ್ನು ಕಟ್ಟಿದ ದಾರ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮರಳಿ ಬಂದಾಗ ಡಾಕ್ಟರು ಅಂತೂ ಹಲ್ಲು ಕಿತ್ತು ಕಳಿಸುತ್ತಾನೆ. ಕೊನೆಯಲ್ಲಿ ಸಾಹುಕಾರ ಎರಡು ಹೊಳೆಯುವ ಹಲ್ಲು ತೋರಿಸಿ ನಗುತ್ತಾನೆ. ಕೀಳಿಸಿದ ಹಲ್ಲು ಮತ್ತೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುವ ಮೊದಲೇ ಶಂಕರಮ್ಮ, "ಹಲ್ಲು ಸೆಟ್ಟು ಕಟ್ಟಿಸ್ಕಂಡ" ಎಂದುಬಿಟ್ಟಳು.

ಆ ಕ್ಯಾಸೆಟ್ಟನ್ನು ಆಕೆ ವಾಪಸು ಕೊಡಲೇ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಎಂದು ಅಕ್ಕಿ ಡ್ರಮ್ಮಿನೊಳಗೆ ಇಟ್ಟಳು. ಎಂಬತ್ತರ ದಶಕದ ಅದೇ ಜಾತಿಯ ಇನ್ನೂ ಏಳೆಂಟು ಸಿನಿಮಾ ತರಿಸಿದಳು. ಎಲ್ಲದರಲ್ಲೂ ರಕ್ತ ಎಂದರೆ ಕುಂಕುಮದ ನೀರು, ಹೊಗೆ ಎಂದರೆ ಬಚ್ಚಲ ಒಲೆಯ ಹೊಗೆ, ದೆವ್ವದ ನಿಲುವಂಗಿ ಬಾಗಿಲಿಗೆ ಸಿಕ್ಕಿ ಹರಿಯಲೇಬೇಕು. ದಾರ ಕಂಡ ಕೂಡಲೇ ಗೋದಾಮು ಪೂರ್ತಿ ಒಟ್ಟಿಗೆ "ದಾರ" ಎನ್ನುತ್ತಿತ್ತು. ತೋಟದ ಮೂಲೆಯ ಚೌಡಿಯನ್ನು ನೆನೆದು ನಗುವ ಧೈರ್ಯ ಯಾರಿಗಿದೆ ಹೇಳಿ? ಸಾಹುಕಾರರ ಎದುರಿಗಂತೂ ಹಲ್ಲು ಬಿಡುವ ಹಾಗೇ ಇಲ್ಲ. ಬೆಳ್ಳುಳ್ಳಿ ವಾಸನೆಗೆ ಓಡಿಹೋಗುವ ಈ ದೆವ್ವದ ಸಾಹುಕಾರನನ್ನು ನೋಡಿ ಮಾತ್ರ ಎಷ್ಟು ನಕ್ಕರೂ ಕೇಳುವವರಿರಲಿಲ್ಲ. ಬಾಳೆಹೊನ್ನೂರಿನ ಕಡೆಯಿಂದಲೂ ಜನ ಬರತೊಡಗಿದರು. "ಶಂಕರಮ್ನೋರ ಸಿನಿಮಾ" ಎಂದೇ ಅದಕ್ಕೆ ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಶಂಕರಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ತೊಂಬತ್ತೊಂಬತ್ತರಲ್ಲಿ ಮಗ ಕಲ್ಲೇಶನಿಗೆ ಮದುವೆಯಾಯಿತು. ಸೊಸೆ ತನುಜಾ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇಂಗ್ಲಿಷನ್ನೇ ಓದಿದವಳು. ಬಂದ ಮೊದಲ ಭಾನುವಾರ ಅವಳೂ ಗೋದಾಮಿನಲ್ಲಿ ಎಲ್ಲರ ಹಿಂದೆ ಕೂತು ಆ ಹಲ್ಲಿನ ಸಿನಿಮಾ ನೋಡಿದಳು. ನಗಲಿಲ್ಲ. ರಾತ್ರಿಯ ಅಡುಗೆಗೆ ಅವರೆಕಾಯಿ ಸುಲಿಯುತ್ತಿದ್ದಾಗ ಮೆಲ್ಲಗೆ ಬಾಯಿ ಬಿಟ್ಟಳು.

"ಅತ್ತೆ, ತಪ್ಪು ತಿಳ್ಕೊಬೇಡಿ. ಅವ್ನು ಹಲ್ಲು ಕೀಳ್ಸೋಕೆ ಬಂದಿದ್ದಲ್ಲ. ಒಂದು ಹಲ್ಲು ಮುರಿದಿರುತ್ತೆ, ಕಚ್ಚೋಕಾಗ್ತಿರಲ್ಲ. ಹೊಸದು ಹಾಕ್ಸೋಕೆ ಬಂದಿರೋದು."

ಶಂಕರಮ್ಮನ ಕೈ ನಿಂತಿತು. "ಮತ್ತೆ ಆ ಮುದುಕಿ? ಅವ್ನ ತಾಯಿ?"

"ತಾಯಿ ಅಲ್ಲ ಅತ್ತೆ. ಹೆಂಡ್ತಿ. ಮದುವೆಯಾಗಿ ಮುನ್ನೂರು ವರ್ಷ ಆಗಿರುತ್ತೆ. ಮೆಟ್ಟಿಲ ಮೇಲೆ ನಿಂತು ಅಳೋದಲ್ಲ ಅದು, ಬಯ್ಯೋದು."

ಸೊಸೆ ಕೊಂಕು ಮಾತಾಡುವ ಹುಡುಗಿಯಲ್ಲ. ಗೊತ್ತಿದ್ದದ್ದನ್ನು ಹೇಳಿದಳು, ಅಷ್ಟೆ. ಆದರೆ ಶಂಕರಮ್ಮನಿಗೆ ಆ ವಾರ ಅನ್ನ ಸೇರಲಿಲ್ಲ. ತೋಟದಲ್ಲಿ ಕಾಫಿ ಹಣ್ಣು ಕುಯ್ಯುವ ಪಾಪಮ್ಮ ಆ ತಾಯಿಯನ್ನು ನೋಡಿ ಪ್ರತಿಸಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಒಂಬತ್ತು ವರ್ಷ ಸುಳ್ಳು ಹೇಳಿ ಅಳಿಸಿದ ಹಾಗಾಯಿತಲ್ಲ ಎಂದು ಶಂಕರಮ್ಮ ಒಳಗೊಳಗೇ ಬೆಂದಳು. ನಾಳೆ ಬೇರೆ ಯಾರ ಬಾಯಿಂದಲೋ ತಿಳಿದರೆ ಪೇಟೆಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ? ಗಂಡ "ಬಿಡೇ ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ" ಎಂದ. ಅವನ ಜಾಯಮಾನವೇ ಹಾಗೆ. ಶಂಕರಮ್ಮನದು ಹಾಗಲ್ಲ.

ಮುಂದಿನ ಭಾನುವಾರ ಆಕೆ ಸ್ಟೂಲಿನ ಮೇಲೆ ಕೂರಲಿಲ್ಲ. ಟಿವಿಯ ಪಕ್ಕದಲ್ಲಿ ನಿಂತಳು.

"ಒಂದು ಮಾತು ಹೇಳ್ಬೇಕು. ನಂಗೆ ಇಂಗ್ಲಿಷ್ ಬರಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ನನ್ನ ತಲೆಯಿಂದ ಹುಟ್ಟಿದ್ದು. ನಮ್ಮ ತನುಜಂಗೆ ಬರ್ತದೆ. ಇವತ್ತಿಂದ ಅವ್ಳು ಸರಿಯಾದ ಕಥೆ ಹೇಳ್ತಾಳೆ."

ತನುಜಾ ಗಾಬರಿಯಾಗಿ ಅತ್ತೆಯ ಮುಖ ನೋಡಿದಳು. ಆಗ ಗೋಡೆಗೆ ಒರಗಿ ಕೂತಿದ್ದ ದಾಸಯ್ಯ ಎದ್ದ. ಎಪ್ಪತ್ತು ದಾಟಿದ ಮನುಷ್ಯ, ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿ ನಿವೃತ್ತನಾದವನು. ಮೊದಲ ಭಾನುವಾರದಿಂದ ಒಂದು ವಾರವೂ ತಪ್ಪಿಸದೆ ಬಂದವನು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು.

"ಶಂಕರಮ್ನೋರೇ, ನಾನು ಹನ್ನೊಂದು ವರ್ಷ ಬಿಳಿ ದೊರೆಗಳ ಕೈಕೆಳಗೆ ಕೆಲಸ ಮಾಡ್ದೋನು. ದೊರೆ ಕಾಗದ ಪತ್ರ ಎಲ್ಲ ನಾನೇ ಬರೀತಿದ್ದಿದ್ದು. ಆ ಟಿವಿಯೋರು ಆಡೋ ಒಂದೊಂದು ಮಾತೂ ನಂಗೆ ಗೊತ್ತಾಗ್ತದೆ."

ಶಂಕರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮೊದಲ ದಿನದಿಂದಾನಾ, ರೈಟರ್ರೇ?"

"ಮೊದಲ ದಿನದಿಂದ. ಅವ್ನು ಹಲ್ಲು ಹಾಕ್ಸೋಕೆ ಬಂದ, ನೀವು ಕೀಳ್ಸೋಕೆ ಅಂದ್ರಿ. ಅವ್ನ ಹೆಂಡ್ತಿ ಬಯ್ತಿದ್ಲು, ನೀವು ತಾಯಿ ಮಾಡಿ ಅಳಿಸಿದ್ರಿ. ಇವರೆಲ್ಲ ಒಂದು ಸಲ ನಗ್ತಿದ್ರು, ನಾನು ಎರಡು ಸಲ ನಗ್ತಿದ್ದೆ. ಇಂಗ್ಲಿಷಿನೋರ ಕಥೆಗೇ ಆದ್ರೆ ನಾನು ಎರಡ್ನೇ ಭಾನುವಾರ ಬರ್ತಿರ್ಲಿಲ್ಲ ಅಮ್ಮಾ. ಒಂಬತ್ತು ವರ್ಷ ಬಂದಿದ್ದು ನಿಮ್ಮ ಕಥೆಗೆ."

"ರೈಟರ್ರು ಇದನ್ನ ನಮಗೆ ಆವಾಗ್ಲೇ ಹೇಳಿದ್ರು" ಎಂದಳು ಪಾಪಮ್ಮ, ಗೋಣಿಚೀಲದ ಮೇಲಿನಿಂದ ಏಳದೆಯೇ. "ನಾವೇ ಸುಮ್ನಿರಿ ಅಂದ್ವಿ. ಅಮ್ಮಾ, ಹೊತ್ತಾಗ್ತದೆ, ಐದೂವರೆ ಬಸ್ಸು ಹಿಡೀಬೇಕು. ಕೂತ್ಕಳಿ ನೀವು."

ಶಂಕರಮ್ಮನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲು ಆಕೆ ಹೋಗಲಿಲ್ಲ. ಇಡೀ ಆಲ್ದೂರು ತನ್ನ ಸುಳ್ಳನ್ನು ಬೇಕೆಂದೇ ಕಾಪಾಡಿಕೊಂಡು ಬಂದಿದೆ ಎಂದರೆ ಯಾವ ಸಾಹುಕಾರಗಿತ್ತಿಗೆ ಉಂಟು ಆ ಮರ್ಯಾದೆ? ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲು ಎಳೆದುಕೊಂಡಳು.

ತನುಜಾ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿಸಿ ಹಾಕಿದಳು. ಈ ಸಲ ಹಿಂದೆ ಕೂರದೆ ಪಾಪಮ್ಮನ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತಳು. ಪೆಟ್ಟಿಗೆಯ ಮುಚ್ಚಳ ಸಾಹುಕಾರನ ತಲೆಗೆ ಬಡಿಯಿತು. ಪೆಟ್ಟಿಗೆಯ ಸುತ್ತ ಬಾವಲಿಯೊಂದು ಹಾರಿದಾಗ "ದಾರ" ಎಂದವರಲ್ಲಿ ಅವಳ ದನಿಯೂ ಸೇರಿತ್ತು. ಆಮೇಲೆ ಮೆಟ್ಟಿಲ ಮೇಲೆ ಆ ನರೆಗೂದಲಿನ ಹೆಂಗಸು ಬಂದು ನಿಂತು, ಇಂಗ್ಲಿಷಿನಲ್ಲಿ ಏನೇನೋ ಕೂಗತೊಡಗಿದಳು. ಶಂಕರಮ್ಮ ಹೇಳುವುದೋ ಬೇಡವೋ ಎಂದು ಸೊಸೆಯ ಕಡೆ ನೋಡಿದಳು. ಜನ ಕಾದರು.

ತನುಜಾ ಕೆಳಗಿನಿಂದ ತಲೆಯೆತ್ತಿ ಕೇಳಿದಳು. "ಅತ್ತೆ, ಇವ್ರು ಯಾರು?"

"ಅವ್ನ ತಾಯಿ ಕಣೇ" ಎಂದಳು ಶಂಕರಮ್ಮ.