ಮೆಟ್ಟಿಲ ಮೇಲೆ ಓದಿದ ಬಿ.ಎ.

"ಮನ್ಯಾಗ ಕುಂತ ಓದಿದ್ದು ಅದೆಂಥಾ ಡಿಗ್ರಿ ಬೇ ಗಂಗವ್ವಾ?" ಎಂದು ಹಳೇ ಹುಬ್ಬಳ್ಳಿಯ ನಮ್ಮ ಶಾಲೆಯ ಆಡಳಿತಾಧಿಕಾರಿ ಅಂಕಪಟ್ಟಿಯನ್ನು ಬಿಡಿಸಿಯೂ ನೋಡದೆ ಹಿಂದಕ್ಕೆ ತಳ್ಳಿದರು. ಗಂಗವ್ವ ನಮ್ಮ ಶಾಲೆಯ ಆಯಾ. ದೂರಶಿಕ್ಷಣದಲ್ಲಿ ಆರು ವರ್ಷ ಓದಿ ಬಿ.ಎ. ಮುಗಿಸಿ, ನಮ್ಮಲ್ಲೇ ಖಾಲಿಯಿದ್ದ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಿದ್ದಳು. ಇಳಕಲ್ ಸೀರೆ ಉಟ್ಟು ಸಂದರ್ಶನಕ್ಕೆ ಬಂದಿದ್ದಳು. ಶಿಕ್ಷಕರ ಪರವಾಗಿ ನಾನೂ ಅಲ್ಲಿ ಕುಳಿತಿದ್ದೆ.

"ಮನ್ಯಾಗ ಕುಂದರಾಕ ನನಗ ಯಾವಾಗ ಪುರಸೊತ್ತಿತ್ರಿ ಸರ್? ಇದ ಸಾಲಿ ಮೆಟ್ಟಲ ಮ್ಯಾಲ ಓದೇನ್ರಿ" ಎಂದಳು.

ಸುಳ್ಳಲ್ಲ. ಸಂಜೆ ಮಕ್ಕಳ ಆಟೊ ಬರುವವರೆಗೂ ಅವಳ ತೊಡೆಯ ಮೇಲೆ ಪುಸ್ತಕ ಇರುತ್ತಿದ್ದುದನ್ನು ನಾವೆಲ್ಲ ಕಂಡವರೇ. ದಿನಾ ಕಾಲೇಜಿಗೆ ಹೋಗಿ ಬಾ ಎಂದು ಅವಳನ್ನು ಯಾರು ಬಿಡುತ್ತಿದ್ದರು? ನಾವು ಬಿಡುತ್ತಿದ್ದೆವೇ?

"ಆತು, ಹೋಗು" ಎಂದರು ಸಾಹೇಬರು. ಅವಳು ಹೊರಗೆ ಹೋಗಿ ಎರಡು ನಿಮಿಷವೂ ಆಗಿರಲಿಲ್ಲ, ಚಹಾಕ್ಕೆಂದು ಗಂಟೆ ಒತ್ತಿದರು. ಆ ಗಂಟೆಗೆ ಯಾರು ಬರಬೇಕೆಂಬುದನ್ನು ಮರೆತಿದ್ದರೋ, ನೆನಪಿದ್ದೇ ಒತ್ತಿದರೋ, ದೇವರಿಗೇ ಗೊತ್ತು. ಅದೇ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಗವ್ವ ಟ್ರೇ ಹಿಡಿದು ಬಂದಳು. ನನ್ನ ಮುಂದೂ ಒಂದು ಕಪ್ ಇಟ್ಟಳು. ನಾನು ಅದನ್ನು ಮುಟ್ಟಲಿಲ್ಲ, ಅಷ್ಟೇ.

ಧಾರವಾಡದಲ್ಲಿ ಎರಡು ವರ್ಷ ದಿನಾ ಹಾಜರಿ ಹೇಳಿ ಎಂ.ಎ. ಪಡೆದವಳು ನಾನು. ಅವತ್ತು ಆ ಕೋಣೆಯಲ್ಲಿ ಸಾಹೇಬರಿಗೆ ಬಾಯಿಬಿಟ್ಟು ಉತ್ತರ ಕೊಟ್ಟವಳು ಮೆಟ್ಟಿಲ ಮೇಲೆ ಓದಿದವಳೊಬ್ಬಳೇ.