ಷಡ್ಡಕನ ಮೀನು, ನನ್ನ ಅಳತೆಪಟ್ಟಿ

ನನಗೆ ಹೊಟ್ಟೆಕಿಚ್ಚು ಬಹಳ. ಇದನ್ನು ಒಪ್ಪಿಕೊಳ್ಳಲು ಅರವತ್ತೆರಡು ವರ್ಷ ಮತ್ತು ಒಂದು ಹೊಂಡ ಮೀನು ಬೇಕಾದವು.

ಹುಕ್ಕೇರಿಯಲ್ಲಿ ವಿಜ್ಞಾನದ ಮಾಸ್ತರಿಕೆ ಮುಗಿಸಿ ದಡ್ಡಿಯ ಹೊಲದಲ್ಲಿ ಹೊಂಡ ತೋಡಿಸಿದೆ. ಮೂಡಲಗಿಯ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಶಿವಪುತ್ರಪ್ಪನೂ ತೋಡಿಸಿದ. ಅವನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಗೋಕಾಕದಿಂದ ಒಂದೇ ದಿನ, ಒಂದೇ ಟೆಂಪೋದಲ್ಲಿ ಇಬ್ಬರೂ ರೋಹು ಮೀನಿನ ಮರಿ ತಂದೆವು. ಮೂರು ತಿಂಗಳ ಮೇಲೆ ಅವನ ಫೋನು ಬಂತು: "ಅಣ್ಣಾರ, ನಮ್ಮ ಮೀನ ಗೇಣುದ್ದ ಆಗ್ಯಾವ ನೋಡ್ರಿ." ಅಂದು ನನಗೆ ಊಟ ಸೇರಲಿಲ್ಲ.

ಮರುದಿನದಿಂದ ಅಳತೆ ಶುರು. ದಿನಾ ಬೆಳಿಗ್ಗೆ ಬಲೆ ಹಾಕಿ ಹತ್ತಿಪ್ಪತ್ತು ಮೀನು ಹಿಡಿಯುವುದು, ಜಾರದಂತೆ ಟವೆಲಿನಿಂದ ಒರೆಸುವುದು, ಶಾಲೆಯಿಂದ ಉಳಿದುಬಂದ ಅಳತೆಪಟ್ಟಿಯ ಪಕ್ಕ ಮಲಗಿಸುವುದು. ಮೀನಿನ ಮೈಮೇಲಿನ ಲೋಳೆಯೇ ಅದರ ಮೊದಲ ಕೋಟೆ, ಬ್ಯಾಕ್ಟೀರಿಯಾ ಅಲ್ಲಿಯೇ ಸಿಕ್ಕಿ ಸಾಯುತ್ತವೆ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನು ನಾನೇ! ಆದರೆ ಆ ಕೋಟೆ ದಿನವೂ ನನ್ನ ಟವೆಲಿಗೆ ಅಂಟುತ್ತಿದೆ ಎಂದು ಹೊಳೆಯಲಿಲ್ಲ.

ಎರಡು ವಾರಕ್ಕೆ ಮೀನುಗಳ ಮೈಮೇಲೆ ಕೆಂಪು ಹುಣ್ಣು. ನಾಲ್ಕಾರು ಸತ್ತು ತೇಲಿದವು. "ಯಾರದೋ ಕಣ್ಣ ಬಿದ್ದೈತ್ರಿ" ಎಂದು ನನ್ನ ಹೆಂಡತಿ ಹೊಂಡದ ಗೂಟಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ನಾನು ಮನಸ್ಸಿನಲ್ಲೇ ಮೂಡಲಗಿಯ ಕಡೆ ಬೆರಳು ಮಾಡಿದೆ. ಸುದ್ದಿ ಕೇಳಿ ಶಿವಪುತ್ರಪ್ಪ ತಾನಾಗಿ ಬಂದ. ಬೇನೆಬಿದ್ದ ಮೀನುಗಳು ದಂಡೆಯ ಬೆಚ್ಚಗಿನ ನೀರಿಗೆ ಬಂದು ನಿಂತಿದ್ದವು. ನಾನು ಅವನ್ನು ಕೋಲಿನಿಂದ ಆಳಕ್ಕೆ ಓಡಿಸುತ್ತಿದ್ದೆ.

"ಓಡಸಬ್ಯಾಡ್ರಿ ಅಣ್ಣಾರ. ಜಡ್ಡ ಬಂದ್ರ ನಾವು ಚಾದರ ಹೊದ್ದ ಮಲಗೂದಿಲ್ಲೇನ್ರಿ? ಅವು ಬಿಸಲ ಹೊದ್ದಾವ."

ಖರೆ. ಮೀನಿನ ಮೈಗೆ ತನ್ನದೇ ಕಾವಿಲ್ಲ. ಜ್ವರ ಬೇಕಾದರೆ ಬಿಸಿನೀರು ಹುಡುಕಿಕೊಂಡೇ ಹೋಗಬೇಕು. ಮೈಯೊಳಗಿನ ಸೈನ್ಯ ಆ ಕಾವಿನಲ್ಲೇ ಚುರುಕಾಗುತ್ತದೆ. ನಾನು ಓದಿ ಮರೆತದ್ದನ್ನು ಅವನು ನೋಡಿ ಕಲಿತಿದ್ದ. ಅದಕ್ಕೂ ಹೊಟ್ಟೆ ಉರಿಯಿತು. ಟವೆಲಿನ ಕಥೆ ಕೇಳಿ ಅವನು ನಗಲೂ ಇಲ್ಲ.

"ನಾ ಒಂದ ದಿನಾನೂ ಮೀನ ಮುಟ್ಟಿಲ್ರಿ. ದಂಡಿ ಮ್ಯಾಲ ನಿಂತು ಕಣ್ಣಳತಿಲೆ ಗೇಣುದ್ದ ಅಂದಿದ್ದೆ."

ಇಬ್ಬರೂ ಸೇರಿ ಹೊಂಡದ ನೀರು ಬದಲಿಸಿದೆವು. ಬಲೆ, ಟವೆಲು, ಅಳತೆಪಟ್ಟಿ ಅಟ್ಟ ಸೇರಿದವು. ತಿಂಗಳೊಪ್ಪತ್ತಿನಲ್ಲಿ ಹುಣ್ಣು ಮಾಯ್ದವು, ಹೆಚ್ಚಿನವು ಬದುಕಿದವು. ಕಣ್ಣು ಬಿದ್ದದ್ದು ಸುಳ್ಳಲ್ಲ, ಅದು ನನ್ನದೇ ಎಂದು ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಒಮ್ಮೆ ಬೇನೆ ಗೆದ್ದ ಮೀನಿನ ರಕ್ತ ಆ ರೋಗಾಣುವಿನ ಗುರುತು ಇಟ್ಟುಕೊಂಡಿರುತ್ತದಂತೆ. ಮತ್ತೆ ಬಂದರೆ ಬೇಗ ತಡೆಯುತ್ತದಂತೆ. ಹೊಟ್ಟೆಕಿಚ್ಚು ನನಗೆ ಸಣ್ಣಂದಿನಿಂದ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ, ನನ್ನ ರಕ್ತ ಮಾತ್ರ ಪ್ರತಿ ಸಲವೂ ಅದನ್ನು ಹೊಸ ಬೀಗರಂತೆ ಬರಮಾಡಿಕೊಳ್ಳುತ್ತದೆ. ನಿನ್ನೆ ಶಿವಪುತ್ರಪ್ಪ ಫೋನು ಮಾಡಿ, "ಅಣ್ಣಾರ, ಇನ್ನೊಂದು ಹೊಂಡ ತೋಡಸಾಕತ್ತೇನ್ರಿ" ಎಂದ.

ಬಹಳ ಚಲೋ ಆಯಿತು ಎಂದು ಹೇಳಿ, ಅಟ್ಟದ ಕಡೆ ನೋಡದೆ ಹೊಲಕ್ಕೆ ಹೋದೆ. ಮೀನುಗಳೆಲ್ಲ ಆಳದಲ್ಲಿ ಆರಾಮಾಗಿದ್ದವು. ದಂಡೆಯ ಬಿಸಿಲು ಖಾಲಿ ಇತ್ತು. ನಾನೇ ಹೋಗಿ ಕುಳಿತೆ.